ಅಪ್ಪ ಮಲಗಿದ್ದಾರೆ

ಬಸ್ಸಿಳಿದವರು ಬೀದಿಯ ತಿರುವಿನ ತನಕ ಎಲ್ಲರ ಹಾಗೆ ಮಾತಾಡಿಕೊಂಡೇ ಬಂದರು. ಮಗ ಬನ್ನು ಕಂಡಕ್ಟರನನ್ನು ಬೈದ, ಅಮ್ಮ ಹೊಸ ಚಪ್ಪಲಿಯನ್ನು ಬೈದಳು, ಅಕ್ಕ ಇಬ್ಬರಿಗೂ ಸಮಾಧಾನ ಹೇಳಿದಳು. ತಿರುವಿನಲ್ಲಿ ಬೇಕರಿಯ ಹಳದಿ ಗೋಡೆ ಕಂಡಿತೋ ಇಲ್ಲವೋ, ಮೂವರ ದನಿಯೂ ಒಟ್ಟಿಗೆ ಇಳಿದುಹೋಯಿತು. ಮಧ್ಯಾಹ್ನ ಹನ್ನೆರಡೂವರೆ. ಆ ಹೊತ್ತಿಗೆ ಆ ಮನೆಯಲ್ಲಿ ಅಪ್ಪ ಮಲಗಿರುತ್ತಾರೆ. ಇವತ್ತು ಅಪ್ಪ ಅವರ ಜೊತೆಯಲ್ಲೇ, ನಾಲ್ಕು ಹೆಜ್ಜೆ ಮುಂದೆ, ಕೈ ಹಿಂದೆ ಕಟ್ಟಿಕೊಂಡು ನಡೆಯುತ್ತಿದ್ದರು ಎಂಬುದು ಯಾರ ತಲೆಗೂ ಹೋಗಲಿಲ್ಲ.

ಅಪ್ಪ ಬ್ರೆಡ್ಡು ಮಾಡುವವರು. ಊರು ಮಲಗಿದಾಗ ಎದ್ದು ಹಿಟ್ಟು ನಾದುವುದು, ಊರು ಏಳುವಾಗ ಬಿಸಿ ಬ್ರೆಡ್ಡು ಹೊರಗೆ ತೆಗೆಯುವುದು, ಊರು ಊಟಕ್ಕೆ ಕೂತಾಗ ಮುಸುಕು ಹಾಕಿ ಮಲಗುವುದು, ಇದು ಮೂವತ್ತೆರಡು ವರ್ಷ ನಡೆಯಿತು. ಅಂಗಡಿಯ ಹಿಂದೆಯೇ ಮನೆ. ಒಳಕೋಣೆಯ ಗೋಡೆಯ ಆಚೆ ಬದಿಗೆ ದೊಡ್ಡ ಒಲೆ, ಹಾಗಾಗಿ ಆ ಗೋಡೆ ಯಾವಾಗಲೂ ಬೆಚ್ಚಗಿರುತ್ತಿತ್ತು. ಅಪ್ಪ ಅದಕ್ಕೆ ಬೆನ್ನು ಕೊಟ್ಟು ಮಲಗಿದರೆಂದರೆ ಮನೆಯವರ ಬಾಯಿಗೆ ಬೀಗ. ನಲ್ಲಿಯ ಬಾಯಿಗೆ ಅಮ್ಮ ಬಟ್ಟೆ ಕಟ್ಟುತ್ತಿದ್ದಳು, ನೀರು ಸದ್ದಿಲ್ಲದೆ ಇಳಿಯಲಿ ಎಂದು. ಹುಟ್ಟುವಾಗಲೇ ಉಬ್ಬಿಕೊಂಡಿದ್ದರಿಂದ ಬನ್ನು ಎಂಬ ಹೆಸರು ಪಡೆದ ತಮ್ಮ, ಮೂರು ವರ್ಷಕ್ಕೇ ಸದ್ದಿಲ್ಲದೆ ಅಳುವುದನ್ನು ಕಲಿತಿದ್ದ. ಅಕ್ಕ-ತಮ್ಮ ಜಡೆ ಹಿಡಿದು, ಕಿವಿ ಹಿಂಡಿ ಕಾದಾಡುತ್ತಿದ್ದುದೂ ಪಿಸುಮಾತಿನಲ್ಲೇ. ಎದುರಿನ ಸೈಕಲ್ ಮಾಮ ಕೂಡ ಹನ್ನೆರಡರಿಂದ ನಾಲ್ಕರವರೆಗೆ ಸುತ್ತಿಗೆ ಎತ್ತುತ್ತಿರಲಿಲ್ಲ. ಆ ಹೊತ್ತಿನಲ್ಲಿ ಪಂಕ್ಚರ್ ಮಾತ್ರ ಹಾಕುತ್ತಿದ್ದ.

ಆ ಗಂಟಲುಗಳು ಆಮೇಲೂ ಸರಿಹೋಗಲಿಲ್ಲ. ಶಾಲೆಯಲ್ಲಿ "ಗಟ್ಟಿಯಾಗಿ ಓದಮ್ಮ" ಎಂದು ಬೈಸಿಕೊಂಡ ಅಕ್ಕನಿಗೆ ಕೊನೆಗೆ ಗ್ರಂಥಾಲಯದಲ್ಲಿ ಕೆಲಸ ಸಿಕ್ಕಿತು. ಅದು ಓದಿನಿಂದ ಸಿಕ್ಕಿದ್ದಲ್ಲ, ಗಂಟಲಿನಿಂದ ಸಿಕ್ಕಿದ್ದು ಎಂದು ಬನ್ನು ಈಗಲೂ ಅಣಕಿಸುತ್ತಾನೆ. ಗಂಡಿನ ಕಡೆಯವರು ಎಷ್ಟು ಸಾಧು ಹುಡುಗಿ ಎಂದು ಮೆಚ್ಚಿ ಮದುವೆ ಮಾಡಿಕೊಂಡಿದ್ದರು. ಸಣ್ಣ ದನಿಯಲ್ಲೂ ಎಷ್ಟು ಜಗಳ ಆಡಬಹುದು ಎಂದು ಅವರಿಗೆ ಆಮೇಲೆ ಗೊತ್ತಾಯಿತು.

ಭುಜ ಸೋತ ಮೇಲೆ ಅಪ್ಪ ಒಲೆ ಆರಿಸಿ, ಅಮ್ಮನ ಜೊತೆ ಬನ್ನುವಿನ ಮನೆ ಸೇರಿ ಮೂರು ವರ್ಷವಾಗಿತ್ತು. ಅಲ್ಲಿ ಅವರಿಗೆ ರಾತ್ರಿಯೂ ನಿದ್ದೆ ಇಲ್ಲ, ಹಗಲೂ ಇಲ್ಲ. ಈಗ ಅಕ್ಕನೇ ಇಬ್ಬರನ್ನೂ ತನ್ನಲ್ಲಿಗೆ ಕರೆದೊಯ್ಯುವವಳಿದ್ದಳು. ಅದು ಎರಡು ರೈಲು, ಒಂದು ಹಡಗು ದಾಟಿ ಹೋಗಬೇಕಾದ ಊರು. ಹೋದರೆ ಮತ್ತೆ ಈ ಕಡೆ ಬರುವ ಮಾತಿಲ್ಲ. ಮನೆ ಮಾರುವ ಏರ್ಪಾಡು ಮಾಡಿದವಳೂ ಅವಳೇ. ಕಾಗದದ ಮೇಲೆ ಅವಳು ಬೆರಳಿಟ್ಟ ಕಡೆಯಲ್ಲೆಲ್ಲ ಅಪ್ಪ ಸಹಿ ಹಾಕಿದರು, ಆದರೆ ಆವತ್ತಿನಿಂದ ಆ ವಿಷಯವಾಗಿ ತುಟಿ ಪಿಟಿಕ್ ಎಂದಿರಲಿಲ್ಲ. ಕೇಳಿದ್ದು ಒಂದೇ: "ಬೀಗದ ಕೈ ಕೊಡೋ ಮುಂಚೆ ಒಂದ್ಸಲ ನೋಡ್ಕೊಂಡು ಬರೋಣ." ಆ ಬೀಗದ ಕೈ ಅವರ ಅಂಗಿಯ ಜೇಬಿನಲ್ಲಿತ್ತು. ಮನೆ ಕೊಂಡ ಕನ್ನಡಕದಂಗಡಿಯವರು ನಾಲ್ಕು ಗಂಟೆಗೆ ಬರುತ್ತಾರೆ, ಕೊನೆಯ ಬಸ್ಸು ಐದಕ್ಕೆ. ಒಳಗೆ ಹೋದ ಅಪ್ಪ ನಾನಿನ್ನು ಏಳುವುದಿಲ್ಲ ಎಂದುಬಿಟ್ಟರೆ? ಅಕ್ಕನಿಗೆ ದಾರಿಯುದ್ದಕ್ಕೂ ಇದೇ ಭಯ.

ಬಾಗಿಲು ತೆರೆದಾಗ ಒಳಗಿನ ತಣ್ಣನೆಯ ಗಾಳಿಯಲ್ಲಿ ಹಳೆಯ ಹಿಟ್ಟಿನ ವಾಸನೆ ಇನ್ನೂ ಇತ್ತು. ಬಿಸಿಲು ಹೆಂಚಿನ ಸಂದಿಯಿಂದ ಇಳಿದು ನೆಲದ ಮೇಲೆ ಚುಕ್ಕೆ ಚುಕ್ಕೆಯಾಗಿ ಬಿದ್ದಿತ್ತು. ಧೂಳು ಅದರಲ್ಲಿ ಅವಸರವೇ ಇಲ್ಲದೆ ತೇಲುತ್ತಿತ್ತು. ಅಪ್ಪ ಒಲೆಯ ಬಾಯಿಗೆ ತಲೆ ಹಾಕಿ ನೋಡಿದರು, ಹಿಟ್ಟು ನಾದುವ ಮೇಜನ್ನು ಅಂಗೈಯಿಂದ ಒಮ್ಮೆ ಸವರಿದರು. ಆಮೇಲೆ ಒಳಕೋಣೆಗೆ ಹೋಗಿ, ಬರಿ ಮಂಚದ ಮೇಲೆ ಗೋಡೆಗೆ ಬೆನ್ನು ಕೊಟ್ಟು ಮಲಗಿಬಿಟ್ಟರು. ಕಣ್ಣು ಮುಚ್ಚಿತು.

ಅಮ್ಮ ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿ ಬಂದಳು. "ಮಲಗಿದ್ರು" ಎಂದು ಪಿಸುಗುಟ್ಟಿದಳು. ಅವಳ ಮುಖದಲ್ಲಿ ಮಗುವನ್ನು ಮಲಗಿಸಿ ಬಂದ ನೆಮ್ಮದಿ ಇತ್ತು.

ಮೂವರೂ ತುದಿಗಾಲಲ್ಲಿ ಓಡಾಡಿದರು. ಬನ್ನು ಒಳಕೋಣೆಗೆ ಅಂಟಿಕೊಂಡಿದ್ದ ಅಡುಗೆಮನೆಯ ಕಟ್ಟೆ ಹತ್ತಿ ಕೂತ. ಅಮ್ಮ ತಂದಿದ್ದ ಬುತ್ತಿ ಬಿಚ್ಚಿದಳು. ಡಬ್ಬಿಯ ಮುಚ್ಚಳ ಸದ್ದು ಮಾಡದಂತೆ ಸೆರಗು ಒತ್ತಿ ತೆಗೆದದ್ದನ್ನು ನೋಡಿ ಅಕ್ಕನಿಗೆ ನಗು ಉಕ್ಕಿತು. ಬನ್ನುವಿಗೂ ಉಕ್ಕಿತು. ಇಬ್ಬರೂ ಬಾಯಿಗೆ ಕೈ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವ ತನಕ, ಸದ್ದು ನುಂಗಿಕೊಂಡು ನಕ್ಕರು. ವಯಸ್ಸೆಲ್ಲ ಎಲ್ಲಿ ಹೋಯಿತೋ. ಆ ಮಧ್ಯಾಹ್ನ ಹತ್ತು ವರ್ಷದ ಅಕ್ಕ, ಆರು ವರ್ಷದ ಬನ್ನು ಅಲ್ಲೇ ಎಲ್ಲೋ ಓಡಾಡುತ್ತಿದ್ದರು ಎಂದು ಯಾರಾದರೂ ಹೇಳಿದ್ದರೆ ಅಕ್ಕ ಒಪ್ಪಿಬಿಡುತ್ತಿದ್ದಳು.

ನಗು ನಿಂತಾಗ ಅವಳಿಗೆ ಅಳು ಬಂತು.

"ಅಮ್ಮ, ಅಪ್ಪ ಬೇಡ ಅಂದಿದ್ರೂ ನಾನು ಇದನ್ನ ಮಾರಿಸ್ತಿದ್ದೆ" ಎಂದಳು ಪಿಸುದನಿಯಲ್ಲಿ. "ಈ ಮನೆ ಮೇಲೆ ನಂಗೆ ಸಿಟ್ಟಿತ್ತು. ಇಲ್ಲಿ ಒಂದು ಸಲಾನೂ ಜೋರಾಗಿ ನಗಲಿಲ್ಲ ನಾನು. ಶಾಲೆಯಿಂದ ಓಡಿ ಬಂದು 'ಅಪ್ಪಾ' ಅಂತ ಒಂದು ಸಲಾನೂ ಕೂಗಲಿಲ್ಲ. ಬೇರೆ ಮಕ್ಕಳೆಲ್ಲ ಕೂಗೋರು."

"ನಿಮ್ಮಪ್ಪ ದುಡೀತಿದ್ರು ಕಣೇ."

"ಗೊತ್ತು. ಅದಕ್ಕೇ ಸಿಟ್ಟನ್ನ ಯಾರ ಮೇಲೆ ಹಾಕ್ಬೇಕೋ ಗೊತ್ತಾಗ್ದೆ ಮನೆ ಮೇಲೆ ಹಾಕ್ದೆ. ಈಗ ನೋಡಿದ್ರೆ ಇದನ್ನ ಬಿಟ್ಟು ಹೋಗೋಕೆ ನಂಗೇ ಕಾಲು ಬರ್ತಿಲ್ಲ. ಅಪ್ಪಂಗೆ ಹೇಗಾಗಿರ್ಬೇಡ. ಒಂದು ಮಾತು ಬೈದಿದ್ರೂ ಸಾಕಿತ್ತು."

ಅಮ್ಮ ಅವಳ ಬೆನ್ನು ಸವರಿದಳು.

ನಾಲ್ಕಕ್ಕೆ ಸರಿಯಾಗಿ ಕನ್ನಡಕದಂಗಡಿಯವರು ಬಂದರು. ಅವರದು ಬೀದಿಯ ಆ ತುದಿಯಿಂದಲೇ ಕೇಳಿಸುವ ಗಂಟಲು. "ಏನ್ರೀ, ಎಲ್ಲಾ ಬಂದ್ರಾ" ಎಂದು ಶುರು ಮಾಡುವಷ್ಟರಲ್ಲಿ ಸೈಕಲ್ ಮಾಮ ಅಂಗಡಿಯಿಂದ ಎದ್ದು ಬಂದು ತುಟಿಯ ಮೇಲೆ ಬೆರಳಿಟ್ಟ. ಬಾಗಿಲಿಗೆ ಬಂದ ಬನ್ನುವೂ ಬೆರಳಿಟ್ಟ. ಪಾಪ, ಅವರು ತಾವೇ ಕೊಂಡ ಮನೆಯ ಮೆಟ್ಟಿಲ ಮೇಲೆ ಮುದುಡಿ ಕೂತು, "ಯಾರಿಗಾದ್ರೂ ಹುಷಾರಿಲ್ವಾ?" ಎಂದು ಪಿಸುಗುಟ್ಟಿದರು.

ನಾಲ್ಕೂಕಾಲು ಆಯಿತು, ನಾಲ್ಕೂವರೆ ಆಯಿತು. ಎಬ್ಬಿಸಬೇಕು. ಆದರೆ ಆ ಮನೆಯಲ್ಲಿ ಮಲಗಿದ ಅಪ್ಪನನ್ನು ಎಬ್ಬಿಸಿದವರು ಇದುವರೆಗೆ ಯಾರೂ ಇಲ್ಲ. "ನೀನೇ ದೊಡ್ಡೋಳು" ಎಂದ ಬನ್ನು. "ನೀನೇ ಗಂಡಸು" ಎಂದಳು ಅಕ್ಕ. ಅಮ್ಮ ಇಬ್ಬರನ್ನೂ ನೋಡಿ ಡಬ್ಬಿ ತೊಳೆಯಲು ಹೋದಳು.

ಅಕ್ಕ ಒಳಕೋಣೆಯ ಬಾಗಿಲನ್ನು ಬೆರಳಗಲ ಸರಿಸಿದಳು. ಅಪ್ಪ ಹಾಗೇ ಮಲಗಿದ್ದರು.

"ಬಾ" ಎಂದರು, ಕಣ್ಣು ತೆರೆಯದೆ. "ನಂಗೆ ನಿದ್ದೆ ಬಂದಿಲ್ಲ."

ಅವಳು ಬಾಗಿಲಲ್ಲೇ ನಿಂತಳು. "ಯಾವಾಗಿಂದ ಎಚ್ಚರ ಇದ್ದೀರಿ?"

"ಮಲಗಿದಾಗಿಂದ. ಸುಮ್ನೆ ಕೇಳಿಸ್ಕೊಳ್ತಿದ್ದೆ." ಅಪ್ಪ ಕಣ್ಣು ತೆರೆದರು. "ಮೂವತ್ತೆರಡು ವರ್ಷ ಇಲ್ಲಿದ್ದೆ. ಈ ಮನೆ ಮಧ್ಯಾಹ್ನ ಹೇಗಿರುತ್ತೆ ಅಂತ ನಂಗೆ ಗೊತ್ತೇ ಇರಲಿಲ್ಲ. ನಾನು ಮಲಗಿದಾಗ ನೀವು ಏನು ಮಾತಾಡ್ತೀರಿ, ಹೇಗೆ ನಗ್ತೀರಿ, ಒಂದೂ ಗೊತ್ತಿರಲಿಲ್ಲ. ಇವತ್ತು ಕೇಳೋಣ ಅಂತಲೇ ಬಂದೆ."

"ನಾನು ಹೇಳಿದ್ದು..."

"ಅದೂ ಕೇಳಿಸ್ತು."

ಅಕ್ಕ ಮಂಚದ ಅಂಚಿಗೆ ಕೂತಳು.

"ಮನೆ ಹೋದ್ರೆ ಹೋಗ್ಲಿ ಮಗಳೇ. ಮನೆ ಮಾರಿದ್ದಕ್ಕಲ್ಲ ನಾನು ಬಾಯಿ ಮುಚ್ಕೊಂಡಿದ್ದು" ಎಂದರು ಅಪ್ಪ. "ನಿನ್ನ ಜೊತೆ ಏನು ಮಾತಾಡ್ಬೇಕು ಅಂತ ಗೊತ್ತಾಗ್ತಿರಲಿಲ್ಲ. ಅಭ್ಯಾಸ ಇಲ್ಲ ನೋಡು." ಜೇಬಿನಿಂದ ಬೀಗದ ಕೈ ತೆಗೆದು ಅವಳ ಅಂಗೈಯಲ್ಲಿಟ್ಟು ಬೆರಳು ಮಡಚಿದರು. "ಇದನ್ನ ಅವರಿಗೆ ಕೊಡು. ಆಮೇಲೆ ಹೊರಗೆ ನಿಂತು ನನ್ನ ಕರಿ. ಬರ್ತೀನಿ."

"ಇಲ್ಲೇ ಇದ್ದೀನಲ್ಲ, ಈಗಲೇ ಬನ್ನಿ."

"ಊಹೂಂ. ಹೊರಗಿಂದ ಕರಿ. ಜೋರಾಗಿ."

ಅಕ್ಕ ಬೀದಿಗೆ ಬಂದು ಕೈಯಲ್ಲಿದ್ದುದನ್ನು ಕನ್ನಡಕದಂಗಡಿಯವರಿಗೆ ಕೊಟ್ಟಳು. ಅಮ್ಮನೂ ಬನ್ನುವೂ ಚೀಲ ಹಿಡಿದು ಮೆಟ್ಟಿಲಿಳಿದು ನಿಂತರು. ಅವಳು ಬಾಗಿಲ ಕಡೆ ತಿರುಗಿ ಬಾಯಿ ತೆರೆದಳು. ಬಂದದ್ದು ಅದೇ ಹಳೆಯ ಪಿಸುಮಾತು, ಪಕ್ಕದಲ್ಲಿದ್ದ ಬನ್ನುವಿಗೂ ಸರಿಯಾಗಿ ಕೇಳಿಸಲಿಲ್ಲ. ಒಳಗಿನಿಂದ ಯಾರೂ ಬರಲಿಲ್ಲ.

ಅವಳು ಉಸಿರೆಳೆದುಕೊಂಡಳು.

"ಅಪ್ಪಾ!"

ಸೈಕಲ್ ಮಾಮನ ಕೈಯಿಂದ ನಟ್ಟು ಬಿಚ್ಚುವ ಪಾನಾ ಜಾರಿ ಬಿತ್ತು. ಎದುರು ಮನೆಯ ಕಿಟಕಿ ತೆರೆಯಿತು. ಅಮ್ಮ ಅಭ್ಯಾಸಬಲದಿಂದ ತುಟಿಗೆ ಬೆರಳೊಯ್ದು, ಅರ್ಧಕ್ಕೇ ಕೈ ಇಳಿಸಿದಳು.

"ಬಂದೆ" ಎಂದರು ಅಪ್ಪ ಒಳಗಿನಿಂದ, ಅಷ್ಟೇ ಗಟ್ಟಿಯಾಗಿ. ಮಂಚ ಕಿರ್ರೆಂದಿತು, ಆಮೇಲೆ ಹೆಜ್ಜೆ ಸಪ್ಪಳ ಬಾಗಿಲ ಕಡೆ ಬಂತು.