ಐವತ್ತೆರಡರ ನಾಲ್ಕು

"ಏನಯ್ಯಾ, ಇದು ಕಚೇರಿಯೋ, ನಿಮ್ಮಪ್ಪನ ಭಜನೆ ಮಂದಿರವೋ?"

ಅಧಿಕಾರಿ ಹೀಗೆ ಕೇಳಿದ್ದಕ್ಕೆ ಕೋಣೆಯಲ್ಲಿದ್ದವರೆಲ್ಲ ನಕ್ಕರು. ಗುಮಾಸ್ತ ನಕ್ಕ. ಬಾಗಿಲಲ್ಲಿ ನಿಂತ ಜವಾನ ನಕ್ಕ. ನಮ್ಮ ಹಾಗೆಯೇ ಗೇಣಿ ಗದ್ದೆಯ ಅರ್ಜಿ ಹಿಡಿದು ಬೆಂಚಿನಲ್ಲಿ ಕಾಯುತ್ತಿದ್ದವರೂ ನಕ್ಕರು. ನಗದಿದ್ದರೆ ತಮ್ಮ ಸರದಿ ಬಂದಾಗ ಏನಾದೀತೋ ಎಂಬ ಹೆದರಿಕೆ ಅವರಿಗೆ. ನನ್ನ ಅಪ್ಪ ನೋಣಯ್ಯ ಮೇಜಿನ ಮುಂದೆ ಕೈಕಟ್ಟಿ, ಕಣ್ಣು ಮುಚ್ಚಿ ನಿಂತಿದ್ದ. ನಗು ಕೇಳಿ ಕಣ್ಣು ಬಿಟ್ಟ. ಎಲ್ಲರೂ ನಗುವುದನ್ನು ಕಂಡು ತಾನೂ ಸ್ವಲ್ಪ ನಕ್ಕ.

"ನಾನು ಕೇಳಿದ್ದು ಒಂದೇ. ಐವತ್ತೆರಡರ ನಾಲ್ಕು ಎಷ್ಟು ಸೆಂಟ್ಸು? ಅಷ್ಟು ಹೇಳು, ಸಾಕು."

ಅಪ್ಪ ಮತ್ತೆ ಕಣ್ಣು ಮುಚ್ಚಿದ.

"ನನ್ನ ಹೆಸರು ನೋಣಯ್ಯ, ತಂದೆ ಹೆಸರು ತನಿಯ, ವಾಸ ಸಂಕದ ತೆಂಕು ಬದಿ, ಇಪ್ಪತ್ತೇಳು ವರ್ಷದಿಂದ ಚಾಲಗೇಣಿ, ನಲವತ್ತೇಳರ ಎರಡು ಐವತ್ತೈದು ಸೆಂಟ್ಸು, ಐವತ್ತೊಂದರ ಒಂದು..."

"ನಿಲ್ಸೋ!"

ಅಪ್ಪ ನಿಲ್ಲಿಸಿದ. ಅದೇ ರಾಗ. ನಾನು ಕಲಿಸಿದ ರಾಗ.

ನಾನು ಓದಿದ್ದು ಐದನೇ ಕ್ಲಾಸು. ಆಮೇಲೆ ನದಿ ದಂಡೆಯ ಹೆಂಚಿನ ಕಾರ್ಖಾನೆಗೆ ಮಣ್ಣು ಹೊರಲು ಹೋದೆ. ಶಾಲೆಯಲ್ಲಿ ಕಜೆಟನ್ ಮಾಸ್ತರು ಮಗ್ಗಿಯನ್ನು ರಾಗದಲ್ಲಿ ಹೇಳಿಸುತ್ತಿದ್ದರು. ಹದಿನೇಳು ಆರು ಎಷ್ಟು ಎಂದು ನಡುವಿನಿಂದ ಕೇಳಿದರೆ ನಮಗೆ ಬಾಯಿ ಕಟ್ಟುತ್ತಿತ್ತು. ಹದಿನೇಳು ಒಂದ್ಲ ಹದಿನೇಳು ಎಂದು ಮೊದಲಿನಿಂದ ಹೊರಟರೆ ಆರನೆಯದು ತಾನಾಗಿ ಬಾಯಿಗೆ ಬರುತ್ತಿತ್ತು. ಮಾಸ್ತರು ಅದಕ್ಕೆ ಹೊಡೆಯುತ್ತಿರಲಿಲ್ಲ. ನನಗೆ ಗೊತ್ತಿದ್ದ ಕಲಿಕೆ ಅದೊಂದೇ.

ಧಣಿ ಲೋಕನಾಥ ಇಪ್ಪತ್ತೇಳು ವರ್ಷದಲ್ಲಿ ಒಂದು ಗೇಣಿ ಚೀಟಿ ಕೊಟ್ಟವರಲ್ಲ. ಗೇಣಿಯ ಅಕ್ಕಿ ಮುಡಿ ಜಗಲಿಯಲ್ಲಿ ಇಳಿಸಿ ಅಂಗಳದಿಂದಲೇ ಹಿಂದೆ ಬರಬೇಕು. ಉಳುವವನಿಗೇ ಭೂಮಿ ಎಂದು ಕಾನೂನು ಬಂದಾಗ ಕಾರ್ಖಾನೆ ಯೂನಿಯನ್ನಿನ ಬೊನಿಫಾಸ್ ನಮ್ಮ ಅರ್ಜಿ ಬರೆದುಕೊಟ್ಟ.

"ಚೀಟಿ ಇಲ್ಲ ಅಂದ್ರೆ ಬಾಯಿಯೇ ಸಾಕ್ಷಿ ಮಾರಾಯ," ಎಂದ. "ಸರ್ವೆ ನಂಬ್ರ ಕೇಳ್ತಾರೆ. ತಡವರಿಸಿದ್ರೆ ಹೋಯ್ತು. ಅಪ್ಪನಿಗೆ ಬಾಯಿಪಾಠ ಮಾಡ್ಸು."

ಅವನು ನಾಲ್ಕು ನಂಬ್ರಗಳನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದುಕೊಟ್ಟ. ಪ್ರತಿ ನಂಬ್ರದ ಎದುರು ಗದ್ದೆಯ ಹೆಸರನ್ನೂ ಬರೆದಿದ್ದ: ಮಲ್ಲ ಕಂಡ, ತಾರಿದ ಕಂಡ, ಉಪ್ಪು ಕಂಡ, ಕಟ್ಟದ ಕಂಡ.

ಒಂದು ತಿಂಗಳು ಕಲಿಸಿದೆ. ಅಪ್ಪ ಪೈರಿನ ನಡುವೆ ಕಳೆ ಕೀಳುವಾಗ ನಾನು ಗದ್ದೆಯಂಚಿನ ಹುಣಿಯ ಮೇಲೆ ಕೂತು ಹೇಳಿಕೊಟ್ಟೆ. ಕನ್ನಡ ಅವನಿಗೆ ಪೇಟೆಯ ಭಾಷೆ. ಮಾತಾಡುವುದೂ ನೆನಸುವುದೂ ತುಳುವಿನಲ್ಲಿ. ಆದರೆ ಅಧಿಕಾರಿ ಘಟ್ಟದ ಮೇಲಿನವರು, ತುಳು ಬಾರದು. ತಪ್ಪಿದಾಗೆಲ್ಲ ಗದರಿದೆ. ಹಾಳಾದವನು ನಾನು, ನನ್ನ ಅಪ್ಪನನ್ನು ಬೇವರ್ಸಿ ಎಂದು ಸಹ ಬೈದೆ. ಅವನು ಬೈಸಿಕೊಂಡು, "ಇನ್ನೊಮ್ಮೆ ಹೇಳು ಮಗಾ," ಎನ್ನುತ್ತಿದ್ದ.

ಒಂದು ದಿನ ಕೇಳಿದ. "ಈ ಐವತ್ತೆರಡರ ನಾಲ್ಕು ಅಂದ್ರೆ ಎಂತದು ಮಗಾ? ಯಾವುದು ಅದು?"

"ಅದೆಲ್ಲ ನಿನಗೆ ಎಂತಕ್ಕೆ? ರಾಗ ತಪ್ಪದೆ ಹೇಳು, ಸಾಕು."

ಮತ್ತೆ ಅವನು ಕೇಳಲಿಲ್ಲ.

ನೆನಪಿಲ್ಲದವನಲ್ಲ ನನ್ನ ಅಪ್ಪ. ನಮ್ಮ ಗದ್ದೆಗಳು ಹೊಳೆಯ ಬದಿ. ಮಳೆ ನಿಂತ ಮೇಲೆ ಕಡಲಿನ ಉಪ್ಪುನೀರು ದಿನಕ್ಕೆರಡು ಸಲ ಹೊಳೆಯಲ್ಲಿ ಹತ್ತಿ ಬರುತ್ತದೆ. ನೀರು ಇಳಿಯುವಾಗ ಹೊಳೆಗೂ ಗದ್ದೆಗೂ ನಡುವಿನ ಕಟ್ಟದ ಹಲಗೆ ಎತ್ತಿ ಗದ್ದೆಯ ಕೊಳೆನೀರು ಬಿಡಬೇಕು. ಹತ್ತುವ ಮೊದಲು ಹಲಗೆ ಇಳಿಸಬೇಕು. ಆ ಹೊತ್ತು ದಿನಕ್ಕೆ ಎರಡು ಗಳಿಗೆ ತಡವಾಗುತ್ತಾ ಹೋಗುತ್ತದೆ. ಅಪ್ಪ ಅಮಾವಾಸ್ಯೆಯಿಂದ ದಿನ ಹಿಡಿದು, ಬೆರಳ ಗೆಣ್ಣಿನ ಮೇಲೆ ಹೆಬ್ಬೆರಳು ಓಡಿಸಿ, ಇಂಥ ಹೊತ್ತಿಗೆ ನೀರು ಎಂದು ಹೇಳುತ್ತಿದ್ದ. ಇಪ್ಪತ್ತೇಳು ವರ್ಷದಲ್ಲಿ ಒಂದು ಸಲವೂ ಉಪ್ಪು ಒಳಗೆ ಬಂದಿಲ್ಲ. ಕಚೇರಿಗೆ ಹೊರಟ ಆ ದಿನವೂ ಬೆಳಿಗ್ಗೆ ಹಲಗೆ ಎತ್ತಿ, "ಮಧ್ಯಾಹ್ನ ದಾಟಿದ ಮೇಲೆ ನೀರು, ಅಷ್ಟರೊಳಗೆ ಬರುವ," ಎಂದೇ ತೊಕ್ಕೊಟ್ಟಿನಲ್ಲಿ ಬಸ್ಸು ಹತ್ತಿದ್ದ. ಸುಗ್ಗಿ ಪೈರು ಹಾಲು ತುಂಬಿ ನಿಂತಿತ್ತು.

ಅಪ್ಪ ರಾಗ ನಿಲ್ಲಿಸಿದ್ದೇ, ಧಣಿಯ ವಕೀಲ ಮೋಹನದಾಸ ಎದ್ದ. "ನೋಡಿದ್ರಲ್ಲ ಸರ್. ಇವ ಗದ್ದೆ ಮಾಡಿದವನೇ ಅಲ್ಲ. ಕೂಲಿಯಾಳು. ಯೂನಿಯನಿನವರು ಗಿಳಿಪಾಠ ಮಾಡ್ಸಿ ಕಳ್ಸಿದ್ದಾರೆ."

ನನಗೆ ತಡೆಯಲಾಗಲಿಲ್ಲ. ಬೆಂಚಿನಿಂದ ಎದ್ದೆ.

"ಧಣಿಗಳನ್ನು ಕೇಳಿ ಸಾರ್! ಅವರದ್ದೇ ಜಾಗ ಅಲ್ಲವಾ? ಐವತ್ತೆರಡರ ನಾಲ್ಕು ಎಷ್ಟು ಸೆಂಟ್ಸು, ಅವರು ಹೇಳಲಿ!"

"ಯಾರೋ ಅವನು?"

"ಮಗ ಸರ್. ಹೆಂಚಿನ ಕಾರ್ಖಾನೆಯ ರೌಡಿ," ಎಂದ ಮೋಹನದಾಸ.

ಅಧಿಕಾರಿಗೆ ತಮಾಷೆ ಕಂಡಿರಬೇಕು. "ಹೇಳಿಬಿಡಿ ಧಣಿಗಳೇ, ಹುಡುಗ ಕೇಳ್ತಾನೆ."

ಲೋಕನಾಥ ಧಣಿ ಕುರ್ಚಿಯಲ್ಲಿದ್ದರು. ಅಪ್ಪನಿಗೆ ಕುರ್ಚಿ ಇರಲಿಲ್ಲ. ಧಣಿ ಕಿಸೆಯಿಂದ ಕನ್ನಡಕ ತೆಗೆದು ಒರೆಸಿದರು. ಮೋಹನದಾಸ ಕಡತ ಬಿಚ್ಚಿದ. ಒಂದು ಪುಟ ತಿರುವಿದ, ಅದಲ್ಲ. ಇನ್ನೊಂದು ತಿರುವಿದ, ಅದೂ ಅಲ್ಲ. ಫ್ಯಾನು ತಿರುಗುತ್ತಿತ್ತು. ಕೊನೆಗೆ ವಕೀಲ ಬೆರಳಿಟ್ಟು ತೋರಿಸಿದಲ್ಲಿ ಧಣಿ ಓದಿದರು: "ಐವತ್ತೆರಡರ ನಾಲ್ಕು... ಮೂವತ್ತೆಂಟು ಸೆಂಟ್ಸು."

"ಸರಿಯಾಗಿದೆ," ಎಂದರು ಅಧಿಕಾರಿ.

ಒಬ್ಬನೂ ನಗಲಿಲ್ಲ.

"ಅವರು ನೋಡಿ ಓದಿದ್ದು ಸಾರ್! ನನ್ನ ಅಪ್ಪ ನೋಡದೆ..."

"ಎಳ್ಕೊಂಡು ಹೋಗ್ರೀ ಈ ಬೋಳಿಮಗನ್ನ!"

ಜವಾನ ನನ್ನ ಅಂಗಿ ಹಿಡಿದು ಜಗಲಿಗೆ ದೂಡಿದ. ಕಿಟಕಿಯಿಂದ ಕೇಳಿಸಿತು, ಅಧಿಕಾರಿ ಗುಮಾಸ್ತನಿಗೆ ಬರೆಸುತ್ತಿದ್ದರು. "ಅರ್ಜಿದಾರ ಹೇಳಿಕೊಟ್ಟ ಪಾಠ ಒಪ್ಪಿಸಿರುತ್ತಾನೆ. ಜಮೀನಿನ ಬಗ್ಗೆ ಸ್ವಂತ ತಿಳಿವಳಿಕೆ ಇರುವುದಿಲ್ಲ. ಗೇಣಿ ಸಾಬೀತಾಗಿಲ್ಲ. ಅರ್ಜಿ ವಜಾ." ಆಮೇಲೆ ಅಪ್ಪನ ಎಡಗೈ ಹೆಬ್ಬೆರಳು ಹಿಡಿದು ಒತ್ತಿಸಿಕೊಂಡರು.

ಅಪ್ಪ ಹೆಬ್ಬೆರಳ ಶಾಯಿಯನ್ನು ತಲೆಗೂದಲಿಗೆ ಒರೆಸುತ್ತಾ ಹೊರಗೆ ಬಂದ.

"ದಾದ ಬರೆಯೆರ್ ಮಗಾ?"

ಏನು ಬರೆದರೆಂದು ಕೇಳಿ, ಅಪ್ಪನೇ ಮುಂದುವರಿಸಿದ. "ನಾನು ತಪ್ಪು ಹೇಳಿದ್ನಾ? ಪೂರಾ ಹೇಳ್ಲಿಕ್ಕೆ ಅವ್ರು ಬಿಡ್ಲೇ ಇಲ್ಲ. ಬಿಟ್ಟಿದ್ರೆ ಹೇಳ್ತಿದ್ದೆ. ಅವ್ರು ಮೂರು ಸಲ ಕೇಳಿದ್ದು ಯಾವುದನ್ನ?"

"ಉಪ್ಪು ಕಂಡ," ಎಂದೆ.

ಅಪ್ಪ ನನ್ನ ಮುಖ ನೋಡಿದ.

"ಐವತ್ತೆರಡರ ನಾಲ್ಕು ಅಂದ್ರೆ ಉಪ್ಪು ಕಂಡವಾ?"

"ಹೌದು."

"ಹದಿನೈದು ಸೇರು ಬಿತ್ತುವ ಗದ್ದೆ ಮಗಾ ಅದು. ಮೂಡು ಹುಣಿ ಮೂವತ್ತು ಹೆಜ್ಜೆ, ಪಡು ಹುಣಿ ಇಪ್ಪತ್ತಾರು. ಬಡಗು ಮೂಲೆಯಲ್ಲಿ ಕಾಲಿಟ್ರೆ ಮೊಣಕಾಲಿನವರೆಗೆ ಹೂಳ್ತದೆ. ನೀನು ಹುಟ್ಟಿದ ದಿನ ನಾನು ಅಲ್ಲಿಯೇ ಇದ್ದದ್ದು." ಹೆಬ್ಬೆರಳನ್ನು ಮತ್ತೆ ಕೂದಲಿಗೆ ಒರೆಸಿ, "ಮೊದಲೇ ಹೇಳ್ಬಾರದಿತ್ತಾ?" ಎಂದ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕ್ಯಾಲೆಂಡರಿನ ಆ ಕಾಗದ ನನ್ನ ಕಿಸೆಯಲ್ಲಿತ್ತು. ಹೆಸರುಗಳು ಅದರಲ್ಲೇ ಇದ್ದವು.

ಮರದ ಕೆಳಗೆ ಧಣಿಯ ಅಂಬಾಸಿಡರ್ ನಿಂತಿತ್ತು. ಧಣಿ ಎಲೆಯಡಿಕೆ ಉಗಿದು ಕರೆದರು.

"ಏ ನೋಣಯ್ಯ, ಇಲ್ಲಿ ಬಾ. ಆದದ್ದು ಆಯ್ತು ಮಾರಾಯ. ನನಗೆ ನಿನ್ನ ಮೇಲೆ ಸಿಟ್ಟು ಉಂಟಾ? ಗುಡಿಸಲು ಈಗಲೇ ಬಿಡು ಅಂತ ಹೇಳ್ಲಿಲ್ಲ ನಾನು. ಬೆಳೆ ಕೊಯ್ಯುವವರೆಗೆ ಇರು." ಮೋಹನದಾಸ ಪಕ್ಕದಲ್ಲಿ ಸಿಗರೇಟು ಹಚ್ಚುತ್ತಿದ್ದ. ಬೆಂಚಿನ ಮೇಲಿದ್ದವರು ಜಗಲಿಗೆ ಬಂದು ನೋಡುತ್ತಿದ್ದರು. "ಪೈರು ಒಳ್ಳೆದುಂಟು ಅಂತ ಕೇಳಿದೆ. ಹಲಗೆ ಹಾಕಿ ಬಂದಿದ್ದೀಯಾ?"

ಅಪ್ಪ ತಲೆಯಾಡಿಸಿದ, ಇಲ್ಲವೆಂದು.

"ಹಾಗಾದ್ರೆ ಹೇಳು, ನಾನು ಆಳು ಕಳಿಸ್ತೇನೆ. ಇವತ್ತು ಎಷ್ಟು ಹೊತ್ತಿಗೆ ನೀರು ಹತ್ತುದು?"

ಅಪ್ಪನ ಹೆಬ್ಬೆರಳು ತಾನಾಗಿ ಬೆರಳ ಗೆಣ್ಣಿಗೆ ಹೋಯಿತು. ಒಂದು, ಎರಡು, ಮೂರು. ಶಾಯಿಯ ಹೆಬ್ಬೆರಳು. ಅಪ್ಪ ಒಮ್ಮೆ ಸೂರ್ಯನನ್ನು ನೋಡಿದ. ತುಟಿ ಅಲ್ಲಾಡಿತು.

ಬೆರಳು ನಿಂತಿತು.

"ಹೇಳೋ, ನಿನಗೆ ಬಾಯಿಪಾಠ ಉಂಟಲ್ಲ!" ಮೋಹನದಾಸ ನಕ್ಕ. "ಬೇಕಾದ್ರೆ ಮೊದಲಿನಿಂದ ಹೇಳು."

ಜಗಲಿಯಲ್ಲೂ ನಗು ಎದ್ದಿತು. ಈ ಸಲ ಅಪ್ಪ ನಗಲಿಲ್ಲ. ಹೆಗಲ ಬೈರಾಸನ್ನು ತೆಗೆದು ಕೊಡವಿ, ಮತ್ತೆ ಹೆಗಲಿಗೆ ಹಾಕಿಕೊಂಡು ಗೇಟಿನ ಕಡೆ ನಡೆದ.

"ಏ! ಕೇಳಿದ್ದು ನಿನ್ನನ್ನೇ! ನೀರು ಎಷ್ಟು ಹೊತ್ತಿಗೆ?" ಧಣಿ ಕಾರಿನಿಂದ ಎರಡು ಹೆಜ್ಜೆ ಈಚೆ ಬಂದರು. "ಬೇವರ್ಸಿ, ಉಪ್ಪಿಗೆ ಬೆಳೆ ಸುಟ್ಟುಹೋಗ್ತದೆ ಮಾರಾಯ! ನೋಣಯ್ಯಾ!"

ಗೇಟಿನ ಹೊರಗೆ ತೊಕ್ಕೊಟ್ಟಿನ ಬಸ್ಸು ಹೊರಡಲು ನಿಂತಿತ್ತು. ಕಂಡಕ್ಟರು ಕೂಗುತ್ತಿದ್ದ. ಅಪ್ಪ ಅದನ್ನು ದಾಟಿ, ನಮ್ಮ ಊರಿಗೆ ಬೆನ್ನು ಹಾಕಿ ಕುದ್ರೋಳಿಯ ಕಡೆಗೆ ತಿರುಗಿ, ಆ ಬಿಸಿಲಲ್ಲಿ ನಡೆಯುತ್ತಲೇ ಹೋದ.