ಮೂಸಾ ತಂದ ಫಿಲ್ಟರು

ಕಾಪುವಿನ ಪೇಟೆಯಿಂದ ಕಡಲಿಗೆ ಹೋಗುವ ರಸ್ತೆಯಲ್ಲಿ ಮೂಸಾನ ಮನೆ. ಆ ಮನೆಯ ಚಾವಡಿಗೆ ಕಾಲಿಟ್ಟವರು ಮೊದಲು ನೋಡುತ್ತಿದ್ದದ್ದು ಗೋಡೆಯ ಉದ್ದಕ್ಕೂ ಇದ್ದ ಗಾಜಿನ ತೊಟ್ಟಿಯನ್ನು. ದುಬೈಯ ಒಂದು ಹೋಟೆಲಿನಲ್ಲಿ ಏಸಿ ಮೆಕ್ಯಾನಿಕ್ ಆಗಿದ್ದ ಮೂಸಾ ಅಲ್ಲಿ ಅಂಥದ್ದೊಂದನ್ನು ದಿನಾ ನೋಡಿ ಆಸೆಪಟ್ಟಿದ್ದ. ಎಂಬತ್ತನೇ ಇಸವಿಯಲ್ಲಿ ರಜೆಗೆ ಬಂದಾಗ ಕಬ್ಬಿಣದ ಚೌಕಟ್ಟು ಮಾಡಿಸಿ, ಮಂಗಳೂರಿನಿಂದ ದಪ್ಪ ಗಾಜು ತರಿಸಿ, ದುಬೈಯಿಂದ ತಂದ ಅಂಟಿನಲ್ಲಿ ತಾನೇ ಕೂತು ಅಂಟಿಸಿದ. ಆಸ್ಕರ್ ಎಂಬ ಜಾತಿಯ ಬೆರಳುದ್ದದ ಮೀನುಗಳನ್ನು ಬಿಟ್ಟ. ಅವು ಬೆಳೆಯುವುದನ್ನು ನೋಡಲು ಅವನಿಗೆ ಆಗಲಿಲ್ಲ. ರಜೆ ಮುಗಿಯಿತು.

ಮೀನುಗಳು ಹೆಂಡತಿ ನಬೀಸಾಳ ಪಾಲಿಗೆ ಬಂದವು. ಗಂಡ ಹೋದ ವಾರದಲ್ಲೇ ಎರಡು ಸತ್ತವು. ನೀರು ಹಾಲಿನ ಹಾಗೆ ಮಬ್ಬಾಗಿತ್ತು. ಹೆದರಿದ ನಬೀಸಾ ಪಕ್ಕದ ಮನೆಯ ವನಜಾಕ್ಷಿಯನ್ನು ಕರೆದಳು. ವನಜಾಕ್ಷಿ ಮಣಿಪಾಲದ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು.

"ಇಷ್ಟು ದೊಡ್ಡದಾಗಿ ಬೆಳೆಯುವ ಮೀನಿಗೆ ಬರೀ ಗಾಳಿ ಬಿಟ್ಟರೆ ಸಾಲದು ನಬೀಸಾ" ಎಂದರು ಅವರು. "ಅವುಗಳ ಹೊಲಸು ನೀರಿನಲ್ಲೇ ವಿಷ ಆಗ್ತದೆ. ಅದಕ್ಕೊಂದು ದಾರಿ ಮಾಡಬೇಕು."

ಇಬ್ಬರೂ ಸೇರಿ ಮಾಡಿದರು. ತೊಟ್ಟಿಯ ಮೇಲೆ ಒಂದು ಪ್ಲಾಸ್ಟಿಕ್ ಡ್ರಮ್ಮು. ಅದರ ಬಾಯಿಗೆ ದಪ್ಪ ಸ್ಪಂಜು, ಕೆಳಗೆ ಕಾರ್ಕಳದ ಕಲ್ಲುಕೋರೆಯಿಂದ ಬಂದ ಸಣ್ಣ ಜಲ್ಲಿ. ಪುಟ್ಟ ಮೋಟಾರು ನೀರನ್ನು ಎತ್ತಿ ಸ್ಪಂಜಿನ ಮೇಲೆ ಸುರಿಯುತ್ತಿತ್ತು. ನೀರು ಜಲ್ಲಿಯ ನಡುವೆ ಇಳಿದು ಮತ್ತೆ ತೊಟ್ಟಿಗೆ ಬೀಳುತ್ತಿತ್ತು. ಕಸ ಸ್ಪಂಜಿನಲ್ಲಿ ನಿಲ್ಲುತ್ತದೆ, ಅದನ್ನು ತೊಟ್ಟಿಯದೇ ನೀರಿನಲ್ಲಿ ಹಿಂಡಿದರೆ ಆಯಿತು ಎಂದು ವನಜಾಕ್ಷಿ ಹೇಳಿಕೊಟ್ಟರು. ಜಲ್ಲಿಯನ್ನು ಮಾತ್ರ ಮುಟ್ಟಬಾರದು. ಕಲ್ಲಿನ ಮೇಲೆ ಕಣ್ಣಿಗೆ ಕಾಣದ ಜೀವಿಗಳು ಬಂದು ಕೂರುತ್ತವೆ, ಆ ವಿಷವನ್ನು ತಿಂದು ಬದುಕುತ್ತವೆ. ಅವು ಬಂದು ನೆಲೆ ನಿಲ್ಲಲಿಕ್ಕೆ ಒಂದೂವರೆ ತಿಂಗಳಾದರೂ ಬೇಕು.

ಕ್ರಮೇಣ ಜಲ್ಲಿಗೆ ಕಂದು ಬಣ್ಣದ ಲೋಳೆ ಹಿಡಿಯಿತು. ಮಳೆ ಬಿದ್ದ ಮಣ್ಣಿನ ಹಾಗೆ ಅದರ ವಾಸನೆ. ಮೀನುಗಳು ಮೊಳದುದ್ದ ಬೆಳೆದವು. ಕಪ್ಪು ಮೈ, ಅದರ ಮೇಲೆ ಕೆಂಡದ ಚೂರು ಚೆಲ್ಲಿದ ಹಾಗೆ ಕೆಂಪು. ಎಲ್ಲಕ್ಕಿಂತ ದೊಡ್ಡದು ನಬೀಸಾಳ ಕೈಯಿಂದಲೇ ಸಿಗಡಿ ತಿನ್ನುತ್ತಿತ್ತು, ಅವಳು ಚಾವಡಿಯಲ್ಲಿ ಎತ್ತ ನಡೆದರೆ ಗಾಜಿನೊಳಗೆ ಅತ್ತ ಈಜುತ್ತಿತ್ತು. ಅತ್ತೆ ಆಸ್ಯಮ್ಮ ನಗುತ್ತಿದ್ದರು: "ನನ್ನ ಮಗ ಊರಲ್ಲಿಲ್ಲದಿದ್ದರೂ ನಿನ್ನ ಹಿಂದೆ ಬರಲಿಕ್ಕೆ ಒಂದು ಉಂಟಲ್ಲ."

ಮೂಸಾ ಮತ್ತೆ ಬಂದದ್ದು ಎಂಬತ್ತಮೂರರ ಏಪ್ರಿಲ್ ಕೊನೆಗೆ. ಕೈಯಲ್ಲಿದ್ದದ್ದು ಒಂದೂವರೆ ತಿಂಗಳ ರಜೆ. ಪೆಟ್ಟಿಗೆಯಲ್ಲಿ ಸೀರೆ, ಅತ್ತರುಗಳ ನಡುವೆ ಬಟ್ಟೆ ಸುತ್ತಿ ತಂದಿದ್ದ ಹೊಸ ಫಿಲ್ಟರು ಇತ್ತು. ಹಸಿರು ಬಣ್ಣದ ದೊಡ್ಡ ಡಬ್ಬಿ, ಮುಚ್ಚಳದಲ್ಲೇ ಮೋಟಾರು, ಎರಡು ಕೊಳವೆ. ಶಬ್ದವೇ ಇಲ್ಲ. ಮೂರು ವರ್ಷ ಮನಸ್ಸಿನಲ್ಲಿಟ್ಟುಕೊಂಡು ತಂದ ಸಾಮಾನು ಅದು. ಅದನ್ನು ಬಿಚ್ಚುವಾಗ ಅವನ ಮುಖ ನೋಡಿ ನಬೀಸಾಳಿಗೂ ಖುಷಿಯಾಯಿತು.

ಮರುದಿನ ಬೆಳಿಗ್ಗೆ ಅವನು ಹಳೆಯ ಡ್ರಮ್ಮನ್ನು ಇಳಿಸಿದ.

"ಇದೆಂತ ನಬೀಸಾ, ಇಷ್ಟು ಕೊಳಕು ಇಟ್ಟುಕೊಂಡಿದ್ದೀ?"

"ಅದು ಕೊಳಕಲ್ಲ. ಅದನ್ನು ತೊಳೆಯಬಾರದಂತೆ, ಟೀಚರ್ ಹೇಳಿದ್ದಾರೆ."

"ನಾನು ಅಲ್ಲಿ ದಿನಾ ಮಾಡುವ ಕೆಲಸವೇ ಇದು ಮಾರಾಯ್ತಿ. ಫಿಲ್ಟರ್ ಅಂದರೆ ತೊಳೆಯಲಿಕ್ಕೇ ಇರುವುದು. ತೊಳೆಯದಿದ್ದರೆ ಮಿಷಿನೇ ಹಾಳಾಗ್ತದೆ."

ಅವನು ಜಲ್ಲಿಯನ್ನು ಅಂಗಳಕ್ಕೆ ಸುರಿದ. ಬ್ಲೀಚಿಂಗ್ ಪೌಡರ್ ಹಾಕಿ ತೆಂಗಿನ ನಾರಿನಿಂದ ತಿಕ್ಕಿದ. ತೊಟ್ಟಿಯ ತಳದ ಮರಳನ್ನೂ ತೆಗೆದು ತೊಳೆದ. ಗಾಜನ್ನು ಸೋಪಿನ ನೀರಿನಲ್ಲಿ ಒರೆಸಿದ. ಮೀನುಗಳು ಅಷ್ಟು ಹೊತ್ತು ಸ್ನಾನದ ಹಂಡೆಯಲ್ಲಿ ಒಂದರ ಮೇಲೊಂದು ತಿರುಗುತ್ತಿದ್ದವು. ಬನಿಯನ್ ಒದ್ದೆ ಮಾಡಿಕೊಂಡು ಏನೋ ಗುನುಗುತ್ತ ಕೆಲಸ ಮಾಡುವ ಗಂಡನನ್ನು ನಬೀಸಾ ಬಾಗಿಲಲ್ಲಿ ನಿಂತು ನೋಡಿದಳು.

"ಅರ್ಧ ಜಲ್ಲಿಯಾದರೂ ಹಾಗೇ ಬಿಡಿ" ಎಂದಳು.

ಅತ್ತೆ ಅವಳ ತೋಳು ಹಿಡಿದು ಒಳಗೆ ಎಳೆದುಕೊಂಡರು. "ಅವನು ಇರುವುದೇ ನಾಲ್ಕು ದಿನ. ಮಾಡಲಿ ಬಿಡು. ಅದನ್ನೂ ಬೇಡ ಅನ್ನಬೇಡ."

ಸಂಜೆಗೆ ತೊಟ್ಟಿಯಲ್ಲಿ ನೀರೇ ಇಲ್ಲವೇನೋ ಎಂಬಷ್ಟು ತಿಳಿಯಾಗಿತ್ತು. ನೋಡಲು ಬಂದ ನೆಂಟರೆಲ್ಲ ಹೊಗಳಿದರು. ಹೊಸ ಡಬ್ಬಿ ಸದ್ದಿಲ್ಲದೆ ನೀರು ತಿರುಗಿಸುತ್ತಿತ್ತು. ಮೂಸಾ ನೆಂಟರ ಮಕ್ಕಳನ್ನು ಎತ್ತಿ ಎತ್ತಿ ತೋರಿಸಿದ.

ನಾಲ್ಕಾರು ದಿನಗಳಲ್ಲಿ ಮೀನುಗಳು ಊಟ ಬಿಟ್ಟವು. ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚತೊಡಗಿದವು. ಕಿವಿರುಗಳ ಅಂಚು ರಕ್ತದ ಹಾಗೆ ಕೆಂಪಾಗಿತ್ತು. ಒಂದು ಬೆಳಿಗ್ಗೆ ಒಂದು ಮೀನು ಸತ್ತು ಮಗ್ಗುಲಾಗಿ ತೇಲುತ್ತಿತ್ತು. ಮೂಸಾ ಕೊಳವೆ ಬಿಚ್ಚಿ ನೋಡಿದ, ಮೋಟಾರು ನೋಡಿದ, ವಯರು ನೋಡಿದ. ಎಲ್ಲ ಸರಿಯಾಗಿತ್ತು.

"ಮಿಷಿನಿನಲ್ಲಿ ಏನೂ ದೋಷ ಇಲ್ಲ. ಮತ್ತೆಂತಕ್ಕೆ ಹೀಗೆ?" ಎಂದ.

ನಬೀಸಾ ವನಜಾಕ್ಷಿಯನ್ನು ಕರೆತಂದಳು. ಅವರು ತೊಟ್ಟಿ ನೋಡಿದರು, ಅಂಗಳದ ಮೂಲೆಯಲ್ಲಿ ಬೆಳ್ಳಗೆ ಹೊಳೆಯುತ್ತಿದ್ದ ಜಲ್ಲಿಯ ರಾಶಿ ನೋಡಿದರು.

"ಹೊಸ ಫಿಲ್ಟರ್ ಒಳ್ಳೆಯದೇ ಮೂಸಾ ಅವರೇ. ಕಸ ಹಿಡಿಯುತ್ತಾ ಉಂಟು. ಆದರೆ ವಿಷ ಕರಗಿಸುವ ಜೀವಿಗಳು ಇನ್ನೂ ಅದರಲ್ಲಿ ಹುಟ್ಟಲಿಲ್ಲ, ಹಳೆಯ ಜಲ್ಲಿಯಲ್ಲಿದ್ದವು ತೊಳೆದು ಹೋದವು."

"ಅವನ್ನು ಎಲ್ಲಿಂದ ತರುವುದು? ಮಂಗಳೂರಿನಲ್ಲಿ ಸಿಗ್ತದಾ? ಹೇಳಿ, ಈಗಲೇ ಹೋಗ್ತೇನೆ."

"ಅಂಗಡಿಯಲ್ಲಿ ಸಿಗುವುದಲ್ಲ ಅದು. ಬೇರೆ ಹಳೆಯ ತೊಟ್ಟಿಯ ಹಸಿ ಜಲ್ಲಿ ಸಿಕ್ಕಿದರೆ ಇದಕ್ಕೆ ಹಾಕಬಹುದು. ಅಲ್ಲಿಯ ತನಕ ದಿನಾ ಅರ್ಧ ನೀರು ಬದಲಿಸಿ."

ನೀರು ಎಲ್ಲಿಂದ ತರುವುದು? ಮೇ ತಿಂಗಳ ಬಾವಿ. ನಾಲ್ಕು ಕೊಡ ಎಳೆದರೆ ಕೆಸರು, ಮತ್ತೆ ಎಳೆದರೆ ಉಪ್ಪು. ವನಜಾಕ್ಷಿಯ ಗಂಡ ಜನಾರ್ದನರು ತಮ್ಮ ಬಾವಿಯನ್ನೂ ಬಿಟ್ಟುಕೊಟ್ಟರು. ಅದೂ ಕಡಲ ಬದಿಯದೇ. ಮೂಸಾ ರಸ್ತೆಯಾಚೆಯ ಮನೆಗಳಿಂದ ಕೊಡಪಾನ ಹೊತ್ತು ತಂದ. ಅರ್ಧ ಹೋಗಲಿ, ತೊಟ್ಟಿಯ ಕಾಲು ಭಾಗಕ್ಕೂ ಅದು ಸಾಲುತ್ತಿರಲಿಲ್ಲ.

ಕಾಲೇಜಿನ ಪ್ರಯೋಗಾಲಯದಲ್ಲಿ ಒಂದು ಹಳೆಯ ತೊಟ್ಟಿ ಇದೆ ಎಂದು ವನಜಾಕ್ಷಿ ಹೇಳಿದ್ದರಿಂದ ಮೂವರೂ ಬಸ್ಸು ಹತ್ತಿದರು. ಉಡುಪಿಯಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು ಮಣಿಪಾಲದ ಗುಡ್ಡ ಏರಿದರು. ಹಸಿ ಜಲ್ಲಿ ತರಲು ನಬೀಸಾ ಮುಚ್ಚಳದ ಬಕೆಟ್ಟು ಹಿಡಿದಿದ್ದಳು. ಬೇಸಿಗೆ ರಜೆಯ ಕಾಲೇಜು ಬಿಕೋ ಎನ್ನುತ್ತಿತ್ತು. ಅಟೆಂಡರ್ ರೊಸಾರಿಯೊ ಬೀಗ ತೆಗೆದ. ಒಳಗೆ ಸುಣ್ಣ ಬಳಿಯುವ ಕೆಲಸ ನಡೆದಿತ್ತು. ತೊಟ್ಟಿ ಮೇಜಿನ ಮೇಲೆ ಬೋರಲಾಗಿತ್ತು.

"ನೀರು ಖಾಲಿ ಮಾಡಿದ್ದು ಯಾವಾಗ?" ವನಜಾಕ್ಷಿ ಕೇಳಿದರು.

"ರಜೆ ಶುರುವಾದ ದಿನವೇ ಮೇಡಂ. ಮೀನನ್ನು ಕೆರೆಗೆ ಬಿಟ್ಟೆವು. ಕಲ್ಲು ಟೆರೇಸಿನಲ್ಲಿ ಉಂಟು."

ಟೆರೇಸಿನಲ್ಲಿ ಜಲ್ಲಿ ಬಿಸಿಲಿಗೆ ಸುಡುತ್ತಿತ್ತು. ವನಜಾಕ್ಷಿ ಒಂದು ಹಿಡಿ ಎತ್ತಿ ಮೂಸಿದರು, ಕೆಳಗೆ ಹಾಕಿದರು. "ಇದರಲ್ಲಿ ಈಗ ಜೀವ ಇಲ್ಲ" ಎಂದರು. ಮೂಸಾ ಆದರೂ ಬಗ್ಗಿ ಬಕೆಟ್ಟು ತುಂಬಿಸಿದ. ಯಾರೂ ಬೇಡ ಎನ್ನಲಿಲ್ಲ.

ಮನೆಗೆ ಬಂದಾಗ ಇನ್ನೆರಡು ಸತ್ತಿದ್ದವು. ಮರುದಿನ ಮತ್ತೊಂದು. ಉಳಿದದ್ದು ನಬೀಸಾಳ ಕೈಯಿಂದ ತಿನ್ನುತ್ತಿದ್ದ ದೊಡ್ಡ ಮೀನು. ಅದು ತಳದಲ್ಲಿ ಒರಗಿ, ಅವಳು ಬಂದಾಗ ಕಣ್ಣು ಮಾತ್ರ ತಿರುಗಿಸುತ್ತಿತ್ತು.

ಕಾರ್ಕಳದ ಬದಿ, ಕೆಲಸ ನಿಂತ ಒಂದು ಕಲ್ಲುಕೋರೆಯಲ್ಲಿ ಬೇಸಿಗೆಯಲ್ಲೂ ಸಿಹಿನೀರು ಇರುತ್ತದೆ ಎಂದು ಜನಾರ್ದನರು ನೆನಪಿಸಿಕೊಂಡರು. ಮೀನನ್ನು ಅಲ್ಲಿ ಬಿಟ್ಟುಬರಲು ಮೂಸಾ ಕೂಡಲೇ ಟ್ಯಾಕ್ಸಿಯ ಫೌಸ್ಟಿನ್‌ನನ್ನು ಕರೆದ. ಬಿರಿಯಾನಿಯ ದೊಡ್ಡ ಪಾತ್ರೆಗೆ ನೀರು ತುಂಬಿ, ಮೀನನ್ನು ಎರಡು ಕೈಯಲ್ಲಿ ಎತ್ತಿ ಇಳಿಸಿ, ಹಿಂದಿನ ಸೀಟಿನಲ್ಲಿ ಗಂಡ ಹೆಂಡತಿ ಪಾತ್ರೆಯ ಎರಡು ಬದಿ ಕೂತರು. ನೀರಿಗೆ ಗಾಳಿ ಸೇರಲಿ ಎಂದು ಮೂಸಾ ಚೆಂಬಿನಿಂದ ನೀರು ಎತ್ತಿ ಎತ್ತಿ ಮೇಲಿನಿಂದ ಸುರಿಯುತ್ತಿದ್ದ. ಶಿರ್ವ ದಾಟಿತು. ಅವನ ಅಂಗಿ ತೊಯ್ದಿತ್ತು. ತಿರುವಿನಲ್ಲಿ ನೀರು ತುಳುಕಿ ನಬೀಸಾಳ ಮಡಿಲಿಗೆ ಬಿತ್ತು.

"ಸ್ವಲ್ಪ ಬೇಗ ಬಿಡು ಫೌಸ್ಟಿನ್."

"ರಸ್ತೆ ನೋಡಿ ಮೂಸಾಕ. ಇನ್ನೂ ಬೇಗ ಬಿಟ್ಟರೆ ಪಾತ್ರೆಯೇ ಬೀಳ್ತದೆ."

ಬೆಳ್ಮಣ್ಣಿನ ಹತ್ತಿರ ಮೀನು ಒಮ್ಮೆ ಜೋರಾಗಿ ಬಾಲ ಬಡಿಯಿತು. ಆಮೇಲೆ ನಿಧಾನಕ್ಕೆ ಮಗುಚಿತು. ಮೂಸಾ ಅದನ್ನು ನೆಟ್ಟಗೆ ಮಾಡಿ ಹಿಡಿದ. ಕೈ ಬಿಟ್ಟಾಗ ಮತ್ತೆ ಮಗುಚಿತು. ಅವನು ಮತ್ತೆ ನೆಟ್ಟಗೆ ಮಾಡಿದ.

"ಸಾಕು" ಎಂದಳು ನಬೀಸಾ. "ಹೋಯಿತು ಅದು."

ಫೌಸ್ಟಿನ್ ಕಾರು ನಿಲ್ಲಿಸಿ ಹೊರಗೆ ಹೋಗಿ ನಿಂತ. ಮೂಸಾ ಚೆಂಬು ಕೆಳಗಿಡದೆ ಕೂತಿದ್ದ.

"ನೀನು ಯಾಕೆ ನನ್ನನ್ನು ಗಟ್ಟಿಯಾಗಿ ತಡೆಯಲಿಲ್ಲ?"

"ನೀವು ತುಂಬಾ ಖುಷಿಯಲ್ಲಿದ್ದಿರಿ" ಎಂದಳು.

ಮೂಸಾ ಚೆಂಬನ್ನು ಕೆಳಗಿಟ್ಟ. ಅವನು ಕಿಟಕಿಯ ಆಚೆ ನೋಡಿದ. ಮೀನನ್ನು ಮನೆಗೆ ಒಯ್ದು ತೆಂಗಿನ ಬುಡದಲ್ಲಿ ಹೂಳಿದರು.

ಜೂನ್ ಮೊದಲ ವಾರ ಮಳೆ ಹಿಡಿಯಿತು. ಬಾವಿ ದಿನದಿಂದ ದಿನಕ್ಕೆ ಏರಿತು, ನೀರು ಸಿಹಿಯಾಯಿತು. ಮೀನಿಲ್ಲದ ತೊಟ್ಟಿಯಲ್ಲೂ ನಬೀಸಾ ಫಿಲ್ಟರು ನಿಲ್ಲಿಸಲಿಲ್ಲ. ವನಜಾಕ್ಷಿ ಹೇಳಿದ ಹಾಗೆ ದಿನಾ ಒಂದು ಚೂರು ಸಿಗಡಿ ಕೊಳೆಯಲು ಹಾಕುತ್ತಿದ್ದಳು. ಕಾಣದ ಆ ಜೀವಿಗಳಿಗೆ ತಿನ್ನಲು ಏನಾದರೂ ಬೇಕಲ್ಲ. ಮೂಸಾ ಮೋಡ ಕವಿದ ಒಂದು ಮಧ್ಯಾಹ್ನ ಅವಳ ಪಕ್ಕ ಬಂದು ನಿಂತ. ಟಿಕೇಟು ಆ ವಾರದ್ದೇ.

"ಮಂಗಳೂರಿಗೆ ಹೋಗಿ ಮರಿಗಳನ್ನು ತರಲಾ? ನಾನು ಹೋಗುವ ಮೊದಲು ಬಿಟ್ಟು ಹೋಗ್ತೇನೆ."

"ಈಗ ಬೇಡ. ನೀರು ಇನ್ನೂ ತಯಾರಾಗಲಿಲ್ಲ."

"ಯಾವಾಗ ಆಗ್ತದೆ?"

ನಬೀಸಾ ತೊಟ್ಟಿಯ ಕಡೆಯೇ ನೋಡುತ್ತ, "ನೀವು ಹೋದ ಮೇಲೆ" ಎಂದಳು.

ಅವನು ತಲೆಯಾಡಿಸಿದ. ಒಳಗೆ ಹೋಗಿ ಪೆಟ್ಟಿಗೆಗೆ ಬಟ್ಟೆ ಮಡಚತೊಡಗಿದ. ಅವಳು ಕೈ ಒರೆಸಿಕೊಂಡು ಸಹಾಯಕ್ಕೆ ಹೋದಳು.