ಕಾಮಾಕ್ಷಮ್ಮನವರ ತಾರಸಿ

ಭಾಗಮಂಡಲದ ಕಾಮಾಕ್ಷಮ್ಮ ಫೋನ್ ಮಾಡಿದಾಗ ನಾನು ಕುಶಾಲನಗರದ ನಮ್ಮ ವಾಟರ್‌ಪ್ರೂಫಿಂಗ್ ಅಂಗಡಿಯಲ್ಲಿದ್ದೆ. ನನ್ನ ಗಂಡ ಲೋಕೇಶ್ ಮೇ ತಿಂಗಳಲ್ಲಿ ಬಿದ್ದು ತೀರಿಕೊಂಡದ್ದು ಅವರ ಹೋಮ್‌ಸ್ಟೇಯ ತಾರಸಿಯಿಂದ. ಆಮೇಲೆ ಅವರು ಮಾತಾಡಿರಲಿಲ್ಲ.

"ಹೇಳ್ಲಿಕ್ಕೆ ಬಾಯಿ ಬರುದಿಲ್ಲ ಮಗ. ಹಿಂದಿನ ರೂಮು ಸೋರ್ತಾ ಉಂಟು."

ಬೇರೆಯವರನ್ನು ಕರೆಸೋಣವೆಂದು ಅವರ ಮನೆಯವರು ಹೇಳಿದ್ದರಂತೆ. ನನ್ನನ್ನು ಕೇಳದೆ ಬೇಡ ಎಂದು ಇವರೇ ತಡೆದಿದ್ದರು.

ಲೋಕೇಶ್ ತಾರಸಿಯ ಬಿರುಕುಗಳಿಗೆ ಟಾರು ಹಚ್ಚುವುದರಿಂದ ಶುರು ಮಾಡಿದವನು. ಜೊತೆಗಿದ್ದ ಕೆಲಸಗಾರ ಮಲ್ಲ ಒಬ್ಬನೇ. 2018ರ ಮಳೆಯ ನಂತರ ಜನ ಹುಡುಕಿಕೊಂಡು ಬಂದರು. ಎಂ.ಕಾಂ. ಮುಗಿಸಿದ್ದ ನಾನು ಮದುವೆಯಾಗಿ ಬಂದು ಕೊಟೇಶನ್ ಬರೆಯತೊಡಗಿದೆ. ಹತ್ತು ವರ್ಷ ಸೋರುವುದಿಲ್ಲ ಎಂದು ಅದರ ಕೊನೆಯಲ್ಲಿ ಅವನು ಬರೆಸುತ್ತಿದ್ದ. ನಮ್ಮ ಹೆಸರು ನಿಂತದ್ದು ಆ ಒಂದು ಸಾಲಿನ ಮೇಲೆ. ಅದು ಸುಳ್ಳಾದರೆ, ಅವನದೆಂದು ಉಳಿದಿರುವ ಈ ಕೆಲಸವೂ ಉಳಿಯುವುದಿಲ್ಲ.

ಆ ಮನೆಗೆ ಬರಲು ಮಲ್ಲ ಒಪ್ಪಲಿಲ್ಲ. ನಾನೇ ಡಬ್ಬಿಗಳನ್ನು ಪಿಕಪ್ಪಿಗೆ ತುಂಬುವುದನ್ನು ನೋಡಿ ಬಂದು ಸ್ಟೀರಿಂಗ್ ಹಿಡಿದ.

ಕೋಟಿಂಗ್ ಹಾಕಿದ ತಾರಸಿಯ ಮೇಲೆ ನಮ್ಮವರು ಬರಿಗಾಲಲ್ಲೇ ನಡೆಯಬೇಕು. ಲೋಕೇಶನ ಕಟ್ಟುನಿಟ್ಟು ಅದು. ಕಾವೇರಮ್ಮನ ಗುಡಿಯಲ್ಲೂ ಇವನಿಗೆ ಇಷ್ಟು ಭಕ್ತಿ ಇಲ್ಲ ಎಂದು ಮಲ್ಲ ಗೇಲಿ ಮಾಡುತ್ತಿದ್ದ. ಅವನು ಬಿದ್ದ ದಿನ ಎರಡನೆಯ ಕೋಟ್ ಒಣಗುವ ಮೊದಲೇ ಮಳೆ ಬಂತು. ಟಾರ್ಪಾಲು ಎಳೆಯಲು ಲೋಕೇಶ್ ಮೇಲಕ್ಕೆ ಓಡಿದ. ಹಿಂಬದಿಯಲ್ಲಿ ಮೋಟುಗೋಡೆ ಇರಲಿಲ್ಲ.

ಅವನು ಎಳೆದಿದ್ದ ಆ ಟಾರ್ಪಾಲು ನಾವು ಹತ್ತಿದಾಗ ಇನ್ನೂ ಅಲ್ಲೇ ಇತ್ತು. ಮತ್ತೆ ಯಾರೂ ಹತ್ತಿರಲಿಲ್ಲ. ಮಳೆಗಾಲದ ಕೊನೆಯಲ್ಲಿ ಅದು ಗಾಳಿಗೆ ಹರಿದ ಮೇಲೆ ಸೋರಲು ಶುರುವಾಗಿತ್ತು. ಮಲ್ಲ ಅದನ್ನು ಎತ್ತಿದ.

ಬಿಳಿ ಕೋಟಿಂಗಿನಲ್ಲಿ ಒಂದು ಬಲಗಾಲಿನ ಗುರುತು. ಹಿಮ್ಮಡಿ ಸರಿಯಾಗಿಯೇ ಊರಿತ್ತು. ಬೆರಳುಗಳು ಅಂಚಿನ ಕಡೆಗೆ ಉದ್ದಕ್ಕೆ ಎಳೆದುಕೊಂಡು ಹೋಗಿದ್ದವು. ಆ ಗೆರೆಗಳಲ್ಲಿ ಸಿಮೆಂಟ್ ಕಾಣುತ್ತಿತ್ತು. ನೀರು ಇಳಿಯುತ್ತಿದ್ದದ್ದು ಅಲ್ಲಿಂದ.

ಮಲ್ಲ ಟಾರ್ಪಾಲನ್ನು ಮಡಚಿ ಬದಿಗಿಟ್ಟ.

"ಇದನ್ನ ಮುಟ್ಟುದು ಬೇಡ ಅಕ್ಕ. ಮೇಲಿಂದ ತಗಡಿನ ಶೀಟ್ ಹೊದೆಸಿ ಬಿಡುವ."

"ಶೀಟ್ ಹಾಕಿದ್ರೆ ಅವರು ಮಾಡಿದ ಕೆಲಸ ಬಾಳಲಿಲ್ಲ ಅಂತ ಆಗ್ತದೆ."

"ಆಗ್ಲಿ."

ನಾನು ತಂತಿ ಬ್ರಷ್ ಕೇಳಿದೆ. ಅವನು ಕೊಡಲಿಲ್ಲ. ನಾನೇ ಚೀಲದಿಂದ ತೆಗೆದುಕೊಂಡೆ. ಆಗ ಅವನು ಹಗ್ಗ ತಂದು ನನ್ನ ಸೊಂಟಕ್ಕೆ ಬಿಗಿದು, ಇನ್ನೊಂದು ತುದಿಯನ್ನು ನೀರಿನ ಟ್ಯಾಂಕಿನ ಕಂಬಕ್ಕೆ ಸುತ್ತಿ ಹಿಡಿದುಕೊಂಡು, ಆ ಕಡೆ ತಿರುಗಿ ಕೂತ.

ಹಳೆಯದನ್ನು ಉಜ್ಜದೆ ಹೊಸ ಕೋಟ್ ಹಿಡಿಯುವುದಿಲ್ಲ. ಮೊದಲು ಹಿಮ್ಮಡಿ ಉಜ್ಜಿದೆ. ಬೆರಳುಗಳನ್ನು ಕೊನೆಗೆ ಉಳಿಸಿಕೊಂಡೆ. ಹೆಬ್ಬೆರಳ ಗುರುತು ಆಳವಾಗಿತ್ತು. ಪುಡಿಯನ್ನು ಗುಡಿಸಿ ಒಂದು ಕೋಟ್ ಉದ್ದಕ್ಕೆ ಹಚ್ಚಿದೆ. ಒಣಗುವವರೆಗೆ ಪಕ್ಕದಲ್ಲೇ ಕೂತಿದ್ದೆ. ಎರಡನೆಯದನ್ನು ಅಡ್ಡಕ್ಕೆ ಹಚ್ಚಿದೆ.

ಅದು ಪೂರ್ತಿ ಗಟ್ಟಿಯಾದ ಮೇಲೆ ಮತ್ತೆ ಹೋಗಿ, ಸುತ್ತ ಮಣ್ಣಿನ ಕಟ್ಟೆ ಕಟ್ಟಿ ಸೋರುತ್ತದೋ ಎಂದು ನೋಡಲು ನೀರು ತುಂಬಿಸಿದೆವು. ಮರುದಿನ ಕೆಳಗಿನ ಕೋಣೆಯಲ್ಲಿ ಕಾಮಾಕ್ಷಮ್ಮ ಕುರ್ಚಿ ಹತ್ತಿ ಸೀಲಿಂಗ್ ಮುಟ್ಟಿ ನೋಡಿದರು. ಒಣಗಿತ್ತು.

"ಎಂತ ಆಗಿತ್ತು ಮಗ ಅಲ್ಲಿ?"

"ಒಂದು ಕಡೆ ಕೋಟಿಂಗ್ ಕಿತ್ತುಹೋಗಿತ್ತು ಅಮ್ಮ. ಈಗ ಏನೂ ಇಲ್ಲ."